ಹಗುರ ಮಾಡುವ ಶೂ

ನನ್ನನ್ನು ಯಾರಾದರೂ ದಪ್ಪ ಅಂದರೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹಾರಾಡುವುದನ್ನು ನೋಡಿ, 'ಪಾಪ, ದಪ್ಪ ಅಂದಿದ್ದಕ್ಕೆ ಇಷ್ಟೆಲ್ಲ' ಎಂದು ಲೊಚಗುಟ್ಟುವವರು ಇದ್ದೇ ಇರುತ್ತಾರೆ. ನನಗೆ ಕೆಲಸ ಸಿಕ್ಕಿದ್ದೇ ಈ ಮೈಯಿಂದ. ದಾವಣಗೆರೆಯ ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದೆ. ರಾಜ್ಯಮಟ್ಟದಲ್ಲಿ ಗೆದ್ದೆ, ಕ್ರೀಡಾ ಕೋಟಾದಲ್ಲಿ ಕೇಂದ್ರ ಸರ್ಕಾರದ ಗುಮಾಸ್ತೆಯಾಗಿ ದೆಹಲಿಗೆ ಬಂದೆ. ನಮ್ಮ ಸಚಿವಾಲಯದ ಹಳೆಯ ಪ್ಯೂನುಗಳು ಈಗಲೂ ನನ್ನನ್ನು ರತ್ನಪ್ರಭಾ ಎನ್ನುವುದಿಲ್ಲ, ಹಿಂದಿಯಲ್ಲಿ ಗುಂಡಿಗೆ ಗೋಲಾ ಅಲ್ಲವೇ, ಗೋಲಾ ಮೇಡಂ ಅನ್ನುತ್ತಾರೆ. ಫೈಲು ತುಂಬಿದ ಕಬ್ಬಿಣದ ಬೀರುವನ್ನು ಜರುಗಿಸಬೇಕಾದರೆ ಗಂಡಸರಿಗಿಂತ ಮೊದಲು ನನಗೆ ಕರೆ ಬರುತ್ತಿತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಸಲ ನೂಕಿದರೆ ಬೀರು ಗೋಡೆಗೆ ಹೋಗಿ ನಿಲ್ಲುತ್ತಿತ್ತು.

ನನಗೆ ಹೆದರಿಕೆ ಇದ್ದದ್ದು ಸಕ್ಕರೆ ಕಾಯಿಲೆಗೆ ಮಾತ್ರ. ನಮ್ಮಮ್ಮನಿಗೂ ಅದೇ ಇತ್ತು. ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್, ಆಮೇಲೆ ಕಾಲಿನಲ್ಲೊಂದು ಮಾಯದ ಹುಣ್ಣು, ಕೊನೆಗೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟರು. ಇಲ್ಲದ ಪಾದ ತುರಿಸುತ್ತಿದೆ, ಯಾರಾದರೂ ಕೆರೆಯಿರಿ ಎಂದು ಅವಳು ಅಳುತ್ತಿದ್ದಳು. ನನ್ನ ಮಗಳು ಹಂಸಿನಿ ಆಗ ಹೈಸ್ಕೂಲಿನಲ್ಲಿದ್ದಳು. ಅಜ್ಜಿಯ ಮಂಚದ ಪಕ್ಕದಲ್ಲಿ ಕೂತು ಅದನ್ನೆಲ್ಲ ಅವಳೂ ನೋಡಿದ್ದಾಳೆ.

ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ನಮ್ಮ ಸರ್ಕಾರಿ ಡಿಸ್ಪೆನ್ಸರಿಯ ಡಾಕ್ಟರು ನನ್ನ ರಕ್ತದ ವರದಿ ನೋಡಿ ಮುಖ ಸಿಂಡರಿಸಿದರು. ಮೂರು ತಿಂಗಳು ಸಮಯ ಕೊಡುತ್ತೇನೆ, ದಿನಾ ನಡೆಯಿರಿ, ಸಕ್ಕರೆ ಇಳಿದರೆ ಮಾತ್ರೆಯಲ್ಲೇ ಮುಂದುವರಿಯೋಣ, ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಲೇಬೇಕು ಎಂದರು. ಇಂಜೆಕ್ಷನ್ ಎಂದ ಕೂಡಲೇ ನನಗೆ ಕಂಡದ್ದು ಅಮ್ಮನ ಮಂಚ. ಎಲ್ಲರಿಗೂ ಹಾಗೇ ಆಗುವುದಿಲ್ಲ ಮೇಡಂ ಎಂದು ಅವರು ಸಮಾಧಾನ ಹೇಳಿದರು. ನನ್ನ ಹೆದರಿಕೆ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಡೆಯಲು ಶುರು ಮಾಡಿದೆ. ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಬ್ಲಾಕುಗಳ ಸುತ್ತ ಒಂದು ಸಿಮೆಂಟಿನ ದಾರಿಯಿದೆ. ಬೆಳಿಗ್ಗೆ ಮಂಜಿನಲ್ಲಿ ಮಫ್ಲರು ಸುತ್ತಿಕೊಂಡ ನಿವೃತ್ತ ಗಂಡಸರು ಅಲ್ಲಿ ರಾಜಕೀಯ ಮಾತಾಡುತ್ತ ಸುತ್ತುತ್ತಾರೆ. ನಾನು ಅವರನ್ನೆಲ್ಲ ಹಿಂದೆ ಹಾಕಿ ನಡೆಯುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ಬೆವರುತ್ತಿದ್ದೆ, ಆದರೂ ಖುಷಿಯಾಗಿಯೇ ಇದ್ದೆ.

ಹೊಸ ವರ್ಷ ಕಳೆದ ಮೊದಲ ಭಾನುವಾರ ಹಂಸಿನಿ ಮನೆಗೆ ಬಂದಳು. ಅವಳು ಇಲ್ಲಿನ ಒಂದು ದೊಡ್ಡ ಸಂಸ್ಥೆಯಲ್ಲಿ ವಿನ್ಯಾಸದ ಸಂಶೋಧನೆ ಮಾಡುತ್ತಿದ್ದಳು. ಮನೆಯಿಂದ ಓಡಾಡುವುದು ದೂರವೆಂದು ಮುನಿರ್ಕಾದಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿದ್ದಳು. ಬಂದವಳು ಬಿಳಿ ಬಟ್ಟೆಚೀಲದಿಂದ ಒಂದು ಜೊತೆ ಕ್ಯಾನ್ವಾಸ್ ಶೂ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ತೆಗೆದು ಊಟದ ಮೇಜಿನ ಮೇಲಿಟ್ಟಳು. ಊಟದ ಮೇಜಿನ ಮೇಲೆ ಶೂ ಇಡಬೇಡ ಎಂದು ಬೈದು ಕೆಳಗಿಡಿಸಿದೆ.

"ಅಮ್ಮಾ, ಸುನೋ ನಾ," ಅಂದಳು. ದೆಹಲಿಯಲ್ಲೇ ಬೆಳೆದ ಹುಡುಗಿ, ಅವಳ ಕನ್ನಡ ಹಾಗೇ. "ನಡೆಯೋವಾಗ ನಮ್ ಸ್ಟೆಪ್ಸ್ ಸೌಂಡ್ ನಮಗೇ ಕೇಳುತ್ತೆ ಅಲ್ವಾ? ಬ್ರೇನ್ ಅದನ್ನ ಕೇಳಿ ನನ್ ಬಾಡಿ ಇಷ್ಟು ಅಂತ ಡಿಸೈಡ್ ಮಾಡುತ್ತೆ. ಶೂ ಒಳಗೆ ಮೈಕ್ ಇದೆ. ಈ ಡಬ್ಬಿ ಆ ಸೌಂಡ್ ತಗೊಂಡು ಚೇಂಜ್ ಮಾಡಿ ನಿನ್ ಕಿವಿಗೆ ಕಳಿಸುತ್ತೆ, ಎಷ್ಟು ನಡೆದೆ ಅಂತಾನೂ ಲೆಕ್ಕ ಇಡುತ್ತೆ. ಬಾಡಿ ಲೈಟ್ ಅನ್ಸುತ್ತೆ. ಲೈಟ್ ಅನ್ಸಿದ್ರೆ ಇನ್ನೂ ನಡೀಬೇಕು ಅನ್ಸುತ್ತೆ. ಬಸ್, ಇತ್ನಾ ಹೀ."

"ಅಂದ್ರೆ ಇದು ಹಗುರ ಮಾಡೋ ಶೂ?"

"ಹಾಂ. ಹಗುರ ಮಾಡೋ ಶೂ."

ಈ ಮಾತು ಅವಳ ಬಾಯಿಂದಲೇ ಬಂದದ್ದು. ನನ್ನ ಗಂಡ ಕೇಶವಮೂರ್ತಿ ಪಕ್ಕದಲ್ಲೇ ಪೇಪರು ಓದುತ್ತಿದ್ದರು, ಅವರೂ ಕೇಳಿದ್ದಾರೆ.

ಇನ್ನೊಂದು ಚೀಲವನ್ನು ಎದುರು ಬ್ಲಾಕಿನ ಶಾಂತಮ್ಮನವರಿಗೆ ಕೊಟ್ಟಳು. ಶಾಂತಮ್ಮನವರ ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಆಕೆ ತುಮಕೂರಿನ ಕಡೆಯವರು, ನನಗಿಂತ ಸ್ವಲ್ಪ ಹಿರಿಯರು, ನನ್ನಷ್ಟೇ ಎತ್ತರ, ನನ್ನಷ್ಟೇ ದೊಡ್ಡ ಪಾದ. ಇಬ್ಬರಿಗೂ ಹಂಸಿನಿ ಒಂದೇ ಷರತ್ತು ಹಾಕಿದಳು: ಕಿವಿಯಲ್ಲಿ ಏನು ಕೇಳಿಸಿತು, ಹೇಗನ್ನಿಸಿತು ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬಾರದು, ಹೇಳಿದರೆ ಸಂಶೋಧನೆ ಕೆಡುತ್ತದೆ. ನನಗೆ ಇದೇನೂ ಕಷ್ಟವಾಗಲಿಲ್ಲ. ಮೂವತ್ತು ವರ್ಷದ ಸರ್ವಿಸಿನಲ್ಲಿ ಮುಚ್ಚಿದ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದವಳಲ್ಲ ನಾನು. ಗೋಪ್ಯ ಎಂದರೆ ಗೋಪ್ಯ.

ಮಾರನೆಯ ದಿನ ಸಲ್ವಾರಿನೊಳಗೆ ತಂತಿ ಎಳೆದುಕೊಂಡು, ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹೆಡ್‌ಫೋನಿನ ಮೇಲೆ ಶಾಲು ಹೊದ್ದು ಇಳಿದೆ. ಗೇಟಿನ ಗಾರ್ಡು ಎಫ್‌ಎಂ ಕೇಳುತ್ತಿದ್ದೀರಾ ಆಂಟೀಜೀ ಎಂದು ನಕ್ಕ. ಮೊದಲ ಹೆಜ್ಜೆ ಇಟ್ಟೆ. ಲಾರಿಯಿಂದ ಅಕ್ಕಿಮೂಟೆ ಇಳಿಸಿದ ಹಾಗೆ ದಬ್ ಎಂದಿತು. ಎರಡನೆಯದೂ ದಬ್. ಸ್ವಲ್ಪ ಹೊತ್ತಿಗೆ ಸರಿಹೋಗಬಹುದೆಂದು ನಡೆದೆ. ಸರಿಹೋಗಲಿಲ್ಲ. ಪ್ರತಿ ಹೆಜ್ಜೆಗೂ ನನ್ನ ತೊಡೆ, ನನ್ನ ಸೊಂಟ, ನನ್ನ ಹೊಟ್ಟೆ ಒಂದೊಂದಾಗಿ ನೆಲಕ್ಕೆ ಬಂದು ಬೀಳುತ್ತಿರುವಂತೆ ಕೇಳಿಸಿತು.

ಯಾರಾದರೂ ಕೇಳಬಹುದು, ಶೂ ಸರಿಯಿಲ್ಲ ಎಂದು ಎಸೆಯಬಾರದಿತ್ತೇ ಎಂದು. ಅಲ್ಲೇ ಇರುವುದು ಮೋಸ. ಇದು ಹಗುರ ಮಾಡುವ ಶೂ ಎಂದು ನನ್ನ ಮಗಳು ಹೇಳಿದ್ದಾಳೆ. ಅವಳು ಓದಿದವಳು, ಸುಳ್ಳು ಹೇಳುವವಳಲ್ಲ. ಹಗುರ ಮಾಡಿದ ಮೇಲೂ ಇಷ್ಟು ಸದ್ದು ಬರುತ್ತಿದೆ ಎಂದರೆ ಈ ಶೂ ಇಲ್ಲದಿದ್ದಾಗ ನಾನು ಎಷ್ಟು ಸದ್ದು ಮಾಡುತ್ತಿರಬೇಕು? ಇಷ್ಟು ವರ್ಷ ಸಚಿವಾಲಯದ ವರಾಂಡದಲ್ಲಿ, ಮೆಟ್ರೋ ಸ್ಟೇಷನ್ನಿನಲ್ಲಿ, ಮದುವೆಮನೆಗಳಲ್ಲಿ ಜನ ಏನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದರೋ? ಐವತ್ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮೈ ನನಗೇ ನಾಚಿಕೆ ತಂದಿತು.

ಶಾಂತಮ್ಮನವರಿಗೆ ಹಾಗೇನೂ ಆಗಿರಲಿಲ್ಲ. ಆಕೆ ಅದೇ ದಾರಿಯಲ್ಲಿ ಚಿಗರೆಯ ಹಾಗೆ ಸುತ್ತುತ್ತಿದ್ದರು. ನನ್ನನ್ನು ದಾಟುವಾಗಲೆಲ್ಲ ಕೈಬೀಸಿ, ಬಾಯಿಗೆ ಬೆರಳಿಟ್ಟು, ಹೇಳುವ ಹಾಗಿಲ್ಲ ಎಂದು ಸನ್ನೆ ಮಾಡಿ ನಗುತ್ತಿದ್ದರು. ನಾನೂ ನಗುವಂತೆ ಮಾಡುತ್ತಿದ್ದೆ. ಆಕೆಗೆ ನನ್ನ ಮಗಳ ಶೂ ಕೆಲಸ ಮಾಡುತ್ತಿದೆ, ನನ್ನ ಮೈಯ ಮುಂದೆ ಅದರ ಆಟ ನಡೆಯುತ್ತಿಲ್ಲ ಎಂದುಕೊಂಡೆ.

ಭಾನುವಾರ ಹಂಸಿನಿ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದಳು.

"ಹೇಗನ್ನಿಸ್ತು ಅಮ್ಮಾ?"

"ಭಾರ ಅನ್ನಿಸ್ತು ಕಣೇ."

"ಬಹಳ ಭಾರ?"

"ಬಹಳ."

"ಗುಡ್," ಎಂದು ಟೈಪು ಮಾಡಿಕೊಳ್ಳುತ್ತಿದ್ದಳು. ಹಗುರಾಗುವುದು ಯಾವಾಗ ಎಂದು ಕೇಳಿದರೆ, "ಬಿಡಬೇಡ, ಶೂ ಹಾಕ್ಕೊಂಡೇ ನಡೀತಾ ಇರು," ಅನ್ನುತ್ತಿದ್ದಳು. ಅಮ್ಮ ಕಷ್ಟಪಟ್ಟಾದರೂ ನಡೆಯುತ್ತಿದ್ದಾಳಲ್ಲ ಎಂದು ಮೆಚ್ಚಿ ಮಗಳು ಗುಡ್ ಅನ್ನುತ್ತಿದ್ದಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಪೆದ್ದುತನಕ್ಕೆ ಏನು ಹೇಳಲಿ.

ಫೆಬ್ರವರಿ ಬರುವ ಹೊತ್ತಿಗೆ ನನ್ನ ನಡಿಗೆ ಅರ್ಧಕ್ಕೆ ಇಳಿದಿತ್ತು. ಜನ ಓಡಾಡುವ ದಾರಿ ಬಿಟ್ಟು ನೀರಿನ ಪಂಪು ಇರುವ ಹಿಂಭಾಗಕ್ಕೆ ಹೋಗುತ್ತಿದ್ದೆ. ಅಲ್ಲಿ ನಾಲ್ಕು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಶೂ ಬಿಚ್ಚಿದ ಮೇಲೂ ಕಿವಿಯಲ್ಲಿ ದಬ್ ದಬ್ ನಿಲ್ಲುತ್ತಿರಲಿಲ್ಲ. ಆಫೀಸಿನಲ್ಲಿ ಮೆಟ್ಟಿಲು ಬಿಟ್ಟು ಲಿಫ್ಟಿಗೆ ಕಾಯತೊಡಗಿದೆ. ಒಂದು ದಿನ ನಮ್ಮ ಸೆಕ್ಷನ್ನಿಗೆ ಬಣ್ಣ ಬಳಿಯುವವರು ಬಂದರು, ಬೀರು ಜರುಗಿಸಲು ಎಂದಿನಂತೆ ಗೋಲಾ ಮೇಡಂ ಎಂದು ಕರೆದರು. ಎಲ್ಲರೂ ನೋಡುತ್ತಿರುವಾಗ ಎದ್ದು ಅಲ್ಲಿಯವರೆಗೆ ನಡೆಯುವುದು ನನ್ನಿಂದಾಗಲಿಲ್ಲ. ಬೆನ್ನು ನೋವು ಎಂದು ಸುಳ್ಳು ಹೇಳಿ ಕುರ್ಚಿಯಲ್ಲೇ ಕೂತೆ. ಮೂವರು ಗಂಡಸರು ಏದುಸಿರು ಬಿಡುತ್ತ ಅದನ್ನು ಎಳೆದರು.

ಆ ತಿಂಗಳ ಮೂರನೆಯ ಶುಕ್ರವಾರ ಸಿ ಬ್ಲಾಕಿನ ಒಂದು ಕನ್ನಡದವರ ಮನೆಯಲ್ಲಿ ಲಲಿತಾ ಸಹಸ್ರನಾಮ ಇಟ್ಟುಕೊಂಡಿದ್ದರು. ಸಂಜೆಯ ನಡಿಗೆ ಮುಗಿಸಿ ಹಾಗೇ ಬನ್ನಿ ಎಂದಿದ್ದರು. ನಾನೂ ಶಾಂತಮ್ಮನವರೂ ಬಾಗಿಲಲ್ಲಿ ಶೂ, ಡಬ್ಬಿ, ಹೆಡ್‌ಫೋನು ಎಲ್ಲವನ್ನೂ ಬಿಚ್ಚಿ ಅವರವರ ಬಿಳಿ ಚೀಲಕ್ಕೆ ತುಂಬಿ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿಟ್ಟು ಒಳಗೆ ಹೋದೆವು. ಕಾಲು ತೊಳೆದು ಕೂತೆವು, ಹೇಳಿದೆವು, ಕುಂಕುಮ ಹಚ್ಚಿಸಿಕೊಂಡು ಕೋಸಂಬರಿ ತಿಂದೆವು. ನನಗೆ ಅಡುಗೆಯ ಅವಸರವಿತ್ತು. ಬೇಗ ಎದ್ದು, ಕೈಗೆ ಸಿಕ್ಕ ಚೀಲ ಎತ್ತಿಕೊಂಡು, ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಂಡೆ. ಮಗಳಿಗೆ ಮಾತು ಕೊಟ್ಟಿದ್ದೆನಲ್ಲ, ಮನೆಯವರೆಗಿನ ದಾರಿಗೂ ಹೆಡ್‌ಫೋನು ಏರಿಸಿದೆ.

ಹೆಜ್ಜೆ ಇಟ್ಟರೆ ಟಪ್ ಎಂದಿತು. ಟಪ್, ಟಪ್, ಟಪ್. ಕುಂಟೆಬಿಲ್ಲೆ ಆಡುವ ಹುಡುಗಿ ಹೆಂಚಿನ ಚೂರಿನ ಹಿಂದೆ ಕುಪ್ಪಳಿಸಿದ ಸದ್ದು ಅದು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮೊಣಕಾಲು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ನಮ್ಮ ಬ್ಲಾಕು ಬಂತು, ದಾಟಿ ಹೋದೆ. ಇನ್ನೊಂದು ಸುತ್ತು ಹೋದೆ, ಮತ್ತೊಂದು ಹೋದೆ. ಅಡುಗೆ ಮರೆತೇಹೋಯಿತು. ಕೊನೆಗೂ ಶೂ ನನ್ನ ಮಾತು ಕೇಳಿತು, ಇನ್ನು ನನ್ನ ಕಾಲಿಗೆ ಏನೂ ಆಗುವುದಿಲ್ಲ ಎಂದು ನನಗೆ ಅಳು ಬಂತು. ಆ ಅಳುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದು ಶೂ ಚೀಲಕ್ಕೆ ಹಾಕುವಾಗ ತಳದಲ್ಲಿ ಶಾಂತಮ್ಮನವರ ಕನ್ನಡಕದ ಪೆಟ್ಟಿಗೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಶಾಂತಮ್ಮನವರು, ಮುಖ ಬಿಳಚಿಕೊಂಡಿತ್ತು.

"ರತ್ನಾ, ನನ್ನ ಕಾಲಿಗೆ ಏನೋ ಆಗಿದೆ ರೀ. ಒಂದೇ ಸಲಕ್ಕೆ ಆನೆ ನಡೆದಂಗೆ ಆಗ್ತಿದೆ. ಹೇಳಬಾರದು ಅಂತ ಗೊತ್ತು, ಆದ್ರೆ ಭಯ ಆಯ್ತು, ಬಂದೆ."

ಇಬ್ಬರೂ ಮೆಟ್ಟಿಲ ಮೇಲೆ ಕೂತು ಚೀಲ ಬದಲಾಯಿಸಿಕೊಂಡು ಒಬ್ಬರಾದ ಮೇಲೊಬ್ಬರು ನಡೆದು ನೋಡಿದೆವು. ಆಕೆಯ ಶೂ ಯಾರು ಹಾಕಿದರೂ ಟಪ್. ನನ್ನದು ಯಾರು ಹಾಕಿದರೂ ದಬ್.

"ಪಾಪ, ನಿಮ್ಮದು ಕೆಟ್ಟಿರಬೇಕು ಬಿಡಿ," ಎಂದರು ಶಾಂತಮ್ಮನವರು. ಕೆಟ್ಟಿಲ್ಲ ಎಂದು ನನಗೆ ಆಗಲೇ ತಿಳಿದಿತ್ತು. ಭಾನುವಾರಗಳ ಆ 'ಗುಡ್' ಒಂದೊಂದೂ ಕಿವಿಯಲ್ಲಿ ತಿರುಗಿ ಕೇಳಿಸುತ್ತಿತ್ತು.

ಹಂಸಿನಿ ಬಂದಾಗ ಶೂವನ್ನು ನಾನೇ ಊಟದ ಮೇಜಿನ ಮೇಲಿಟ್ಟಿದ್ದೆ.

"ಇದು ಹಗುರ ಮಾಡೋ ಶೂನಾ?"

ಅವಳು ಶೂ ನೋಡಿದಳು, ನನ್ನ ಮುಖ ನೋಡಿದಳು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. "ಅಮ್ಮಾ, ರಿಸರ್ಚ್‌ನಲ್ಲಿ ಎರಡೂ ಬೇಕು. ಒಬ್ರಿಗೆ ಲೈಟ್, ಒಬ್ರಿಗೆ ಹೆವಿ. ಹೆವಿ ಕೇಳಿದವರು ಕಮ್ಮಿ ನಡೀತಾರೆ ಅಂತ ತೋರಿಸಿದ್ರೇನೇ ಲೈಟ್ ಕೆಲಸ ಮಾಡುತ್ತೆ ಅಂತ ಪ್ರೂವ್ ಆಗೋದು. ಮೊದಲೇ ಹೇಳಿದ್ರೆ ಎಫೆಕ್ಟ್ ಬರಲ್ಲ."

"ನನಗೇ ಯಾಕೆ ಕೊಟ್ಟೆ?"

"ಮೊದಲು ಕ್ಯಾಂಪಸ್ ಹಾಸ್ಟೆಲ್ ಹುಡುಗೀರಿಗೆ ಕೊಟ್ಟಿದ್ದೆ. ಎರಡೇ ದಿನಕ್ಕೆ ವಾಪಸ್ ಕೊಟ್ಟುಬಿಟ್ರು. ಶಾಂತಾ ಆಂಟಿಗೆ ಕೊಟ್ಟಿದ್ರೆ ಅವರೂ ಬಿಡ್ತಿದ್ರು." ಅವಳು ತಲೆ ತಗ್ಗಿಸಿದಳು. "ನೀನಾದ್ರೆ ಬಿಡಲ್ಲ. ನೀನು ಸಹಿಸ್ಕೋತೀಯ."

ಎಷ್ಟು ಸಲೀಸಾಗಿ ಹೇಳಿದಳು! ನನಗೆ ನಮ್ಮ ಅಡುಗೆಮನೆ ಕಣ್ಣಿಗೆ ಬಂತು. ಕಾವಲಿ ಕಾಯದಿರುವಾಗಿನ ಕಿತ್ತುಹೋದ ದೋಸೆ, ಸೀದ ದೋಸೆ, ತಳದ ಗಟ್ಟಿ ಹಿಟ್ಟಿನ ದೋಸೆ, ಎಲ್ಲ ನನ್ನ ತಟ್ಟೆಗೆ. ಅದು ಯಾರೂ ಮಾಡಿದ ನಿಯಮವಲ್ಲ. ನಾನೇ ಹಾಕಿಕೊಳ್ಳುತ್ತಿದ್ದೆ, ಅಪ್ಪ ಮಗಳು ನೋಡುತ್ತಿದ್ದರು. ನೋಡಿ ನೋಡಿ ನನ್ನ ಮಗಳು ಕಲಿತದ್ದು ಇದನ್ನೇ. ಕೆಟ್ಟದ್ದು ಯಾರಿಗೆ ಎಂಬ ಪ್ರಶ್ನೆ ಬಂದಾಗ ಅವಳು ಯೋಚನೆಯನ್ನೂ ಮಾಡಿಲ್ಲ, ಸೀದ ದೋಸೆ ದಾಟಿಸುವಷ್ಟು ಸುಲಭವಾಗಿ ನನ್ನ ಕಡೆ ಸರಿಸಿದ್ದಾಳೆ.

"ಅಜ್ಜಿ ಕಾಲು ನೀನು ನೋಡಿದ್ದೆ," ಅಂದೆ. "ಡಾಕ್ಟರು ಮೂರು ತಿಂಗಳು ಅಂದಿದ್ದೂ ನಿನಗೆ ಗೊತ್ತಿತ್ತು. ಅಷ್ಟರಲ್ಲಿ ಅರ್ಧ ನೀನು ತಿಂದುಹಾಕಿದೆ."

"ಸಿಕ್ಸ್ ವೀಕ್ಸ್‌ನಲ್ಲಿ ಏನಾಗುತ್ತೆ ಅಂದ್ಕೊಂಡೆ ಅಮ್ಮಾ. ಆಮೇಲೆ ನಿನಗೂ ಲೈಟ್ ಕೊಡೋಳಿದ್ದೆ. ಸಚ್ಚೀ."

"ನಿನ್ನ ಲೈಟು ತಗೊಂಡು ಹೋಗಿ ಯಮುನೆಗೆ ಹಾಕು!" ನಾನು ಕೂಗಿದ್ದಕ್ಕೆ ಕೇಶವಮೂರ್ತಿ ಪೇಪರು ಇಳಿಸಿದರು. "ಹೋಗ್ಲಿ ಬಿಡೇ, ಮಗು ಓದಿಗೋಸ್ಕರ ಮಾಡಿದೆ," ಎಂದರು. ಇಪ್ಪತ್ತಾರು ವರ್ಷದ ಮಗು. ಅವರ ಕೈಯಿಂದ ಪೇಪರು ಕಿತ್ತು ಬಾಲ್ಕನಿಗೆ ಎಸೆದೆ.

ಆವತ್ತಿನಿಂದ ಬರೀ ನನ್ನ ಹಳೇ ಚಪ್ಪಲಿಯಲ್ಲಿ ನಡೆದೆ. ಕೋಪದಲ್ಲಿ ನಡೆದೆ. ಮಫ್ಲರಿನ ಗಂಡಸರು ದಾರಿ ಬಿಡುತ್ತಿದ್ದರು. ಆದರೆ ಉಳಿದಿದ್ದ ದಿನಗಳು ಸಾಲಲಿಲ್ಲ. ಮಾರ್ಚಿನ ವರದಿಯಲ್ಲಿ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಎಲ್ಲ ತಪ್ಪೂ ಶೂವಿನದೇ ಎಂದು ನಾನು ಹೇಳುವುದಿಲ್ಲ, ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನಾನೂ ಬಾಯಿಗೆ ಹಾಕಿಕೊಂಡಿದ್ದೇನೆ. ನಿಮಗೆ ಸಮಯ ಕೊಟ್ಟಿದ್ದೆನಲ್ಲ ಮೇಡಂ ಎಂದರು ಡಾಕ್ಟರು. ನರ್ಸು ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಹೇಗೆ ಚುಚ್ಚಿಕೊಳ್ಳಬೇಕೆಂದು ತೋರಿಸಿದಳು. ನಾಳೆ ರಾತ್ರಿಯ ಊಟಕ್ಕೆ ಮುಂಚೆ ಶುರು ಮಾಡಿ ಎಂದು ಬಾಟಲಿ ಕೊಟ್ಟು ಕಳಿಸಿದರು. ಅದನ್ನು ತಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕಕ್ಕೆ ಇಟ್ಟೆ.

ಅದೇ ಸಂಜೆ ಹಂಸಿನಿಯ ಫೋನು ಬಂತು. ಮಾರನೆಯ ದಿನ ಅವಳ ಕೆಲಸವನ್ನು ಗೈಡು ಮತ್ತು ಇತರ ಪ್ರೊಫೆಸರುಗಳು ನೋಡುವವರಿದ್ದರು. ಶೂ ಹಾಕಿಕೊಂಡವರನ್ನೂ ಕರೆತರಲು ಹೇಳಿದ್ದರಂತೆ. ಶಾಂತಮ್ಮನವರು ಮೊಮ್ಮಗನ ನಾಮಕರಣಕ್ಕೆ ಊರಿಗೆ ಹೋಗಿದ್ದರು.

"ಅಮ್ಮಾ, ಪ್ಲೀಸ್. ನೀನು ನನ್ನ ಅಮ್ಮ ಅಂತ ಮಾತ್ರ ಹೇಳ್ಬೇಡ. ಫ್ಯಾಮಿಲಿನ ತಗೋಬಾರ್ದು ಅಂತ ರೂಲ್ ಇದೆ. ಭಾರ ಅನ್ನಿಸ್ತು, ಕಮ್ಮಿ ನಡೆದೆ ಅಂತ ಹೇಳು, ಸಾಕು."

ಬರುತ್ತೇನೆ ಎಂದೆ. ಆ ಮಾತು ಬಾಯಿಂದ ಹೇಗೆ ಬಂತೆಂದು ನನಗೇ ಗೊತ್ತಿಲ್ಲ. ಇಂಜೆಕ್ಷನ್ನಿನ ವಿಷಯ ಹೇಳಲೂ ಇಲ್ಲ. ಪರೀಕ್ಷೆಯ ಹಿಂದಿನ ದಿನ ಮಗಳ ಮನಸ್ಸು ಕೆಡಿಸಬಾರದೆಂದು ಆ ಕೋಪದಲ್ಲೂ ಅನ್ನಿಸಿತು. ಫೋನಿಟ್ಟ ಮೇಲೆ ಆ ಅನ್ನಿಸಿಕೆಯ ಮೇಲೂ ಸಿಟ್ಟು ಬಂತು.

ಸಂಸ್ಥೆಯ ಆ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ಮೇಲೆ ಪರದೆ. ಗೈಡು ಬೆಳ್ಳಿಕೂದಲಿನ ಮೃದು ಮಾತಿನ ಮನುಷ್ಯ, ನನಗೆ ನಮಸ್ತೇ ಹೇಳಿ ಕುರ್ಚಿ ಕೊಟ್ಟರು. ಗುಡಗಾಂವಿನ ಒಂದು ಶೂ ಕಂಪನಿಯವನೂ ಬಂದಿದ್ದ. ಹಂಸಿನಿ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದಳು, ಎಲ್ಲಿಯೂ ತಡವರಿಸಲಿಲ್ಲ. ಪರದೆಯ ಮೇಲೆ ಎರಡು ಗೆರೆಗಳು ಬಂದವು. ಮೇಲೇರುವ ಹಸಿರು ಗೆರೆ ಶಾಂತಮ್ಮನವರದು. ಕೆಳಗಿಳಿಯುವ ಕೆಂಪು ಗೆರೆ ನಾನು. ಅದರ ಕೆಳಗೆ ಹೆಸರಿರಲಿಲ್ಲ, ಐವತ್ನಾಲ್ಕು ವರ್ಷದ ಮಹಿಳೆ, ಕಚೇರಿ ಕೆಲಸ ಎಂದಷ್ಟೇ ಬರೆದಿತ್ತು.

"ಬ್ಯೂಟಿಫುಲ್," ಎಂದರು ಗೈಡು, ಕೆಂಪು ಗೆರೆಯನ್ನು ಪೆನ್ನಿನಿಂದ ತೋರಿಸಿ. "ಎಷ್ಟು ಸ್ಪಷ್ಟವಾಗಿ ಇಳಿದಿದೆ ನೋಡಿ."

ಎಲ್ಲರೂ ತಲೆಯಾಡಿಸಿದರು. ನಾನು ಪಂಪಿನ ಹಿಂದೆ ಕಟ್ಟೆಯ ಮೇಲೆ ಕೂತಿದ್ದ ಬೆಳಗುಗಳು ಆ ಗೆರೆಯೊಳಗಿದ್ದವು. ಬೆನ್ನು ನೋವೆಂದು ಹೇಳಿದ ಸುಳ್ಳು ಅದರೊಳಗಿತ್ತು. ಅದರ ತುದಿ ಎಲ್ಲಿಗೆ ಹೋಗಿ ಮುಟ್ಟಿತ್ತೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕಂಪನಿಯವನು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಆಂಟೀಜೀ, ನಿಮಗೆ ಕೆಟ್ಟದಾಗಿ ಅನ್ನಿಸಲಿಲ್ಲ ತಾನೇ? ಖುಷಿಯಿಂದ ಒಪ್ಪಿಕೊಂಡೇ ಮಾಡಿದಿರಲ್ಲವೇ?"

ಹಂಸಿನಿ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ಹೂಜಿ ಒಡೆದು, ಅಪ್ಪನಿಗೆ ಹೇಳಬೇಡ ಎಂದು ನೋಡುತ್ತಿದ್ದ ಅದೇ ನೋಟ. ನನ್ನ ನಾಲಿಗೆಯ ತುದಿಗೆ 'ಇಲ್ಲ ಇಲ್ಲ, ಏನೂ ಅನ್ನಿಸಲಿಲ್ಲ' ಎಂಬ ಮಾತು ಬಂದು ನಿಂತಿತ್ತು. ಅದನ್ನು ಹೇಳಿ ಹೇಳಿಯೇ ನಾನು ಇಷ್ಟು ವರ್ಷ ಸಂಸಾರ ಮಾಡಿದವಳು.

ಎದ್ದು ನಿಂತೆ.

"ಒಪ್ಪಿರಲಿಲ್ಲ," ಎಂದೆ ನನ್ನ ಮುರುಕು ಹಿಂದಿಯಲ್ಲಿ. "ಇದು ಹಗುರ ಮಾಡುವ ಶೂ ಎಂದು ನನಗೆ ಸುಳ್ಳು ಹೇಳಿದರು. ನನಗೆ ಸಕ್ಕರೆ ಕಾಯಿಲೆ ಇದೆ, ನಾನು ನಡೆಯಲೇಬೇಕಿತ್ತು. ನಿಮ್ಮ ಈ ಚೆಂದದ ಗೆರೆ ಇಳಿದ ಹಾಗೆ ನನ್ನ ಸಕ್ಕರೆ ಏರಿದೆ. ಇವತ್ತಿನಿಂದ ಇನ್ಸುಲಿನ್. ಮತ್ತೆ, ನಾನು ಇವಳ ತಾಯಿ. ಹೆಸರು ರತ್ನಪ್ರಭಾ. ಆ ಗೆರೆಯ ಕೆಳಗೆ ಬರೆದುಕೊಳ್ಳಿ."

ಗೈಡು ಪೆನ್ನಿಗೆ ಮುಚ್ಚಳ ಹಾಕಿದರು. ಇದೆಲ್ಲ ನಿಜವೇ ಎಂದು ಹಂಸಿನಿಯನ್ನು ಕೇಳಿದರು. ಅವಳು ಹೌದು ಸರ್ ಎಂದಳು. ಕೆಂಪು ಗೆರೆ ಹಸಿರು ಗೆರೆ ಎರಡನ್ನೂ ತೆಗೆದುಹಾಕಬೇಕು, ಎಲ್ಲವನ್ನೂ ಮೊದಲಿನಿಂದ, ಹೊರಗಿನವರ ಮೇಲೆ, ಅವರ ಆರೋಗ್ಯ ವಿಚಾರಿಸಿ, ಕೆಟ್ಟದ್ದೂ ಆಗಬಹುದೆಂದು ಹೇಳಿಯೇ ಮಾಡಬೇಕು ಎಂದು ಗೈಡು ತಣ್ಣಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕ್ಷಮೆ ಕೇಳಿದರು. ಕ್ಷಮಿಸಿದ್ದೇನೆ ಎಂದು ನಾನು ಹೇಳಲಿಲ್ಲ.

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ಮುನಿರ್ಕಾ ಬಂತು, ಇಳಿಯಲಿಲ್ಲ. "ನನ್ನ ಒಂದು ವರ್ಷ ಹೋಯ್ತು ಅಮ್ಮಾ," ಎಂದು ಅತ್ತಳು. ನಾನು ಕಿಟಕಿಯ ಹೊರಗೆ ನೋಡಿದೆ. ಅವಳ ಬೆನ್ನು ಸವರಲು ಕೈ ತಾನಾಗಿ ಏಳುತ್ತಿತ್ತು. ಎರಡೂ ಕೈಯಲ್ಲಿ ಬ್ಯಾಗನ್ನು ಬಿಗಿಯಾಗಿ ಹಿಡಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು, "ಇನ್ಸುಲಿನ್ ಅಂತ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

ಊಟಕ್ಕೆ ಮುಂಚೆ ಫ್ರಿಜ್ಜಿನಿಂದ ಬಾಟಲಿ ತೆಗೆದೆ. ಕೇಶವಮೂರ್ತಿಗೆ ಸೂಜಿ ನೋಡಿದರೆ ತಲೆ ಸುತ್ತುತ್ತದೆ, ಬಾಲ್ಕನಿಗೆ ಹೋಗಿ ನಿಂತರು. ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಕಬ್ಬಿಣದ ಗುಂಡು ಎಸೆದ ನಾನು ಆ ಸೂಜಿಯನ್ನು ಎರಡು ಸಲ ಹೊಟ್ಟೆಯ ಹತ್ತಿರ ಒಯ್ದು ಹಿಂದಕ್ಕೆ ತೆಗೆದೆ. ಹಂಸಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬಾ ಇಲ್ಲಿ," ಎಂದೆ. "ಚುಚ್ಚು."

"ನಂಗೆ ಬರಲ್ಲ ಅಮ್ಮಾ."

"ನನಗೂ ಬರಲ್ಲ. ಬಾ."

ಅವಳು ಬಂದು ಮಂಡಿಯೂರಿದಳು. ನಾನು ಹೊಟ್ಟೆಯ ಚರ್ಮ ಚಿವುಟಿ ಹಿಡಿದೆ. ಸಿರಿಂಜು ಹಿಡಿದು ಅವಳು ಹಾಗೇ ಕೂತಳು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಂಗೆ ನೋವಾಗುತ್ತೆ," ಅಂದಳು.

"ಆಗುತ್ತೆ. ಚುಚ್ಚು."

ಚುಚ್ಚಿದಳು. ನಿಜ ಹೇಳುತ್ತೇನೆ, ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಆದರೂ ನಾನು ಬಾಯಿ ಪೂರ್ತಿ ತೆರೆದು, ಇಡೀ ಬ್ಲಾಕಿಗೆ ಕೇಳುವ ಹಾಗೆ ಕಿರುಚಿದೆ. ಕೇಶವಮೂರ್ತಿ ಬಾಲ್ಕನಿಯಿಂದ ಓಡಿಬಂದರು. ಮೇಲಿನ ಮನೆಯ ಬಾಗಿಲು ತೆರೆದುಕೊಂಡಿತು, ಯಾರೋ ಕ್ಯಾ ಹುವಾ, ಕ್ಯಾ ಹುವಾ ಎಂದು ಕೂಗುತ್ತ ಮೆಟ್ಟಿಲಿಳಿದು ಬಂದರು. ಹಂಸಿನಿ ಸೂಜಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನೋವಾಯ್ತು," ಎಂದೆ ಅವಳಿಗೆ. "ಹೋಗಿ ಬಾಗಿಲು ತೆಗೆದು ಅವರಿಗೆ ಹೇಳು, ನಮ್ಮಮ್ಮನಿಗೆ ನೋವಾಯ್ತು ಅಂತ."